ಮಹಿಳಾ ಜೈಲಿನಲ್ಲಿರುವವರನ್ನು ನೋಡಲು ಹೋಗಬಹುದೇ? ಫಾರ್ವರ್ಡ್‌ಗಳು ಹೇಳುವುದೇನು, ಕಾನೂನು ಹೇಳುವುದೇನು

"ಜೈಲಿಗೆ ನೋಡಲು ಹೋದವರ ಹೆಸರೂ ಕೇಸಿಗೆ ಸೇರುತ್ತದೆ." "ಹೆಂಗಸರಾದರೆ ಒಂದೇ ವಾರದಲ್ಲಿ ಜಾಮೀನು ಗ್ಯಾರಂಟಿ." "ಜೈಲಿನಲ್ಲಿ ಹಗಲು ಒಂದು ದಿನ, ರಾತ್ರಿ ಒಂದು ದಿನ, ಹಾಗಾಗಿ ಜೀವಾವಧಿ ಅಂದರೆ ಏಳೇ ವರ್ಷ." "ನಿಮ್ಮ ಮಗಳು ನಮ್ಮ ವಶದಲ್ಲಿದ್ದಾಳೆ, ಈ ನಂಬರಿಗೆ ಹಣ ಹಾಕಿ." ಇಂಥ ಸಂದೇಶಗಳಲ್ಲಿ ಒಂದಾದರೂ ನಿಮ್ಮ ಫೋನಿಗೆ ಬಂದಿರುತ್ತದೆ. ಮನೆಯಲ್ಲಿ ಯಾರೂ ಜೈಲು ಕಾಣದವರಿಗೆ ಇವು ಓದಿ ಮರೆಯುವ ಮಾತು. ಆದರೆ ಅಕ್ಕನೋ ಮಗಳೋ ಸೊಸೆಯೋ ನಿಜವಾಗಿ ಒಳಗಿದ್ದಾಗ, ಇದೇ ಸಾಲುಗಳನ್ನು ನಂಬಿ ಮನೆಯವರು ತೀರ್ಮಾನಕ್ಕೆ ಬಂದುಬಿಡುತ್ತಾರೆ. ಹೋಗಬೇಕಾದವರು ಹೋಗುವುದಿಲ್ಲ, ಕೊಡಬಾರದವರಿಗೆ ದುಡ್ಡು ಕೊಡುತ್ತಾರೆ, ಕೇಳಬೇಕಾದ ಕಡೆ ಕೇಳುವುದಿಲ್ಲ.

ಇದಕ್ಕೆ ಕಾರಣ ಜನರ ದಡ್ಡತನವಲ್ಲ. ಕೊಬ್ಬರಿ ಧಾರಣೆ ಏನಾಯಿತು ಎಂದು ತಿಪಟೂರಿನಲ್ಲಿ ಯಾರನ್ನು ಬೇಕಾದರೂ ಕೇಳಬಹುದು. "ಜೈಲಿನ ಭೇಟಿಗೆ ಯಾವ ಕಾಗದ ಬೇಕು" ಎಂದು ಬೀದಿಯಲ್ಲಿ ನಿಂತು ಕೇಳಲಾಗುವುದಿಲ್ಲ. ಕೇಳಲು ನಾಚಿಕೆಯಾಗುವ ವಿಷಯದಲ್ಲಿ ಸುಳ್ಳು ಬೇಗ ಬೇರು ಬಿಡುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಒಂದು ಕುಟುಂಬಕ್ಕೆ ಈ ಪರಿಸ್ಥಿತಿ ಬಂದರೆ ನಿಜವಾಗಿ ಏನಾಗುತ್ತದೆ ಎಂದು ಒಂದೊಂದಾಗಿ ನೋಡೋಣ.

ಒಳಗಿರುವವರೆಲ್ಲ ಅಪರಾಧಿಗಳೇ?

ಅಲ್ಲ. ಮೊದಲು ಬಿಡಬೇಕಾದ ತಪ್ಪು ಕಲ್ಪನೆ ಇದೇ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಅಂಕಿ ಅಂಶಗಳ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಮಂದಿ ಇದ್ದರು. ಅವರಲ್ಲಿ ಮಹಿಳೆಯರು 23,772, ಅಂದರೆ ನೂರಕ್ಕೆ ಸುಮಾರು ನಾಲ್ಕು. ಈ ಮಹಿಳೆಯರಲ್ಲಿ ನಾಲ್ಕರಲ್ಲಿ ಮೂರು ಪಾಲು ವಿಚಾರಣಾಧೀನ ಬಂದಿಗಳು. ಅವರ ಮೇಲೆ ಆರೋಪವಿದೆ, ನ್ಯಾಯಾಲಯ ಇನ್ನೂ ತೀರ್ಪು ಕೊಟ್ಟಿಲ್ಲ. ಅಟ್ಟಕ್ಕೆ ಹಾಕಿದ ಕಾಯಿ ಒಳಗೆ ಕೊಬ್ಬರಿಯಾಗಿದೆಯೋ ಕೊಳೆತಿದೆಯೋ ಒಡೆದು ನೋಡುವವರೆಗೆ ತಿಳಿಯುವುದಿಲ್ಲ. ಕೇಸು ಹಾಗೆಯೇ. ಊರಿನವರು ಮಾತ್ರ ಬಂಧನವಾದ ದಿನವೇ ತೀರ್ಪು ಬರೆದು ಮುಗಿಸಿರುತ್ತಾರೆ.

ಸಂಖ್ಯೆ ಕಡಿಮೆ ಇರುವುದರಿಂದ ಇನ್ನೊಂದು ತೊಂದರೆಯಿದೆ. ಮಹಿಳೆಯರಿಗೆಂದೇ ಇರುವ ಜೈಲುಗಳು ದೇಶದಲ್ಲಿ ಕೆಲವೇ ಕೆಲವು. ಹಾಗಾಗಿ ಬಹುಪಾಲು ಮಹಿಳೆಯರು ಗಂಡಸರ ಜೈಲಿನೊಳಗಿನ ಪ್ರತ್ಯೇಕ ವಿಭಾಗದಲ್ಲಿ ಇರುತ್ತಾರೆ, ಇಲ್ಲವೇ ಮನೆಯಿಂದ ದೂರದ ಊರಿಗೆ ಹೋಗಬೇಕಾಗುತ್ತದೆ. ದೂರ ಹೆಚ್ಚಿದಷ್ಟೂ ನೋಡಲು ಬರುವವರು ಕಡಿಮೆಯಾಗುತ್ತಾರೆ. ಮಹಿಳಾ ಬಂದಿಗಳ ಬಗ್ಗೆ ವಿಶ್ವಸಂಸ್ಥೆ 2010ರಲ್ಲಿ ಒಪ್ಪಿದ 'ಬ್ಯಾಂಕಾಕ್ ನಿಯಮಗಳು' ಇದನ್ನು ಗುರುತಿಸಿವೆ. ಮನೆಯಿಂದ ದೂರ ಇರಿಸಿದ ಮಹಿಳೆಗೆ ಆಗುವ ನಷ್ಟವನ್ನು ಸರಿದೂಗಿಸಲು ಆಡಳಿತವೇ ಕ್ರಮ ಕೈಗೊಳ್ಳಬೇಕು ಎನ್ನುತ್ತವೆ.

ನಮ್ಮ ಕಡೆಯವರಿಗೆ ಇದರಲ್ಲಿ ಸ್ವಲ್ಪ ಅನುಕೂಲವಿದೆ. ರಾಜ್ಯದಲ್ಲಿ ಮಹಿಳೆಯರಿಗಾಗಿಯೇ ಇರುವ ಬೆರಳೆಣಿಕೆಯ ಕಾರಾಗೃಹಗಳಲ್ಲಿ ಒಂದು ತುಮಕೂರಿನಲ್ಲೇ ಇದೆ. ಹಾಗೆಂದು ನಮ್ಮ ಜಿಲ್ಲೆಯ ಮಹಿಳೆ ಅಲ್ಲೇ ಇರುತ್ತಾಳೆ ಎಂದುಕೊಳ್ಳಬಾರದು. ಕೇಸು ಯಾವ ನ್ಯಾಯಾಲಯದಲ್ಲಿದೆ, ಎಲ್ಲಿ ಜಾಗವಿದೆ ಎಂಬುದರ ಮೇಲೆ ಬೆಂಗಳೂರಿನ ಪರಪ್ಪನ ಅಗ್ರಹಾರಕ್ಕೋ ಬೇರೆ ಕಡೆಗೋ ಕಳಿಸಬಹುದು. ಆದ್ದರಿಂದ ಹೊರಡುವ ಮುನ್ನ ಯಾವ ಜೈಲು ಎಂಬುದನ್ನು ವಕೀಲರಿಂದಲೋ ನ್ಯಾಯಾಲಯದ ಕಚೇರಿಯಿಂದಲೋ ಖಚಿತ ಮಾಡಿಕೊಳ್ಳಿ.

ತಿಪಟೂರಿನವರಿಗೆ ಬೆಂಗಳೂರು-ಅರಸೀಕೆರೆ ಮಾರ್ಗದ ರೈಲೂ ಇದೆ, ಹೆದ್ದಾರಿ ಬಸ್ಸೂ ಇದೆ. ತುರುವೇಕೆರೆಯವರಿಗೆ ಹತ್ತಿರದ ರೈಲು ನಿಲ್ದಾಣ ಬಾಣಸಂದ್ರ. ಚಿಕ್ಕನಾಯಕನಹಳ್ಳಿಯವರು ಕೆ.ಬಿ. ಕ್ರಾಸಿಗೆ ಬಂದು ಹೆದ್ದಾರಿ ಬಸ್ಸು ಹಿಡಿಯಬಹುದು. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದಾಗಿ ಸರ್ಕಾರಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಹಣವಿಲ್ಲ. ಆದರೂ ಹೋಗಿ ಬರುವುದರಲ್ಲಿ ಒಂದು ದಿನದ ಕೂಲಿ ಹೋಗುತ್ತದೆ. ತೆಂಗಿನಕಾಯಿ ಸುಲಿಯುವ, ನಾರಿನ ಕೆಲಸ ಮಾಡುವ ತಾಯಿಗೆ ಅದು ಸಣ್ಣ ಮೊತ್ತವಲ್ಲ. ಹೋಗಿ ಬಾಗಿಲಲ್ಲಿ "ಇವತ್ತು ಭೇಟಿ ಇಲ್ಲ" ಅನ್ನಿಸಿಕೊಂಡು ಬರುವ ಸ್ಥಿತಿ ತಪ್ಪಿಸಲು ಮಾಹಿತಿ ಬೇಕು.

ತಪ್ಪು ಕಲ್ಪನೆ 1: ಭೇಟಿ ಎನ್ನುವುದು ಜೈಲಿನವರ ಕೃಪೆ

ಭೇಟಿಯ ದಿನ, ಸಮಯ, ಸಂಖ್ಯೆಗಳನ್ನು ನಿಗದಿ ಮಾಡುವ ಅಧಿಕಾರ ಜೈಲಿಗಿದೆ. ಆದರೆ ಭೇಟಿ ಬಂದಿಯ ಹಕ್ಕು. ಇದನ್ನು ಸ್ಪಷ್ಟವಾಗಿ ಹೇಳಿದ್ದು 1981ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪು. ಆ ಕೇಸು ಒಬ್ಬ ಮಹಿಳೆಯದೇ. ಫ್ರಾನ್ಸಿಸ್ ಕೊರಾಲಿ ಮುಲ್ಲಿನ್ ಎಂಬ ಬ್ರಿಟಿಷ್ ಪ್ರಜೆಯನ್ನು ಮುನ್ನೆಚ್ಚರಿಕೆ ಬಂಧನದ ಕಾಯ್ದೆಯಡಿ ದೆಹಲಿಯ ತಿಹಾರ್ ಜೈಲಿನಲ್ಲಿ ಇಟ್ಟಿದ್ದರು. ಆಕೆಯ ಐದು ವರ್ಷದ ಮಗಳು ಆಕೆಯ ತಂಗಿಯ ಬಳಿ ಇದ್ದಳು. ತಿಂಗಳಿಗೆ ಒಂದೇ ಬಾರಿ ಮಗಳನ್ನು, ತಂಗಿಯನ್ನು ನೋಡಲು ಬಿಡುತ್ತಿದ್ದರು. ಅದೇ ಜೈಲಿನ ವಿಚಾರಣಾಧೀನರಿಗೆ ವಾರಕ್ಕೆ ಎರಡು ಭೇಟಿ ಸಿಗುತ್ತಿತ್ತು.

ಸಂವಿಧಾನದ 21ನೇ ವಿಧಿಯಲ್ಲಿರುವ ಬದುಕುವ ಹಕ್ಕು ಎಂದರೆ ಬರೀ ಉಸಿರಾಡುವ ಹಕ್ಕಲ್ಲ, ಮನೆಯವರೊಂದಿಗೆ, ಸ್ನೇಹಿತರೊಂದಿಗೆ ಮಾತನಾಡುವುದೂ ಅದರ ಭಾಗ ಎಂದು ನ್ಯಾಯಾಲಯ ಹೇಳಿತು. ತಿಂಗಳಿಗೆ ಒಂದೇ ಭೇಟಿ ಎಂಬ ನಿರ್ಬಂಧವನ್ನು ತಳ್ಳಿಹಾಕಿತು. ವಕೀಲರೊಂದಿಗೆ ಮಾತನಾಡುವಾಗ ಜೈಲಿನ ಅಧಿಕಾರಿ ಕಣ್ಣಳತೆಯಲ್ಲಿ ಇರಬಹುದು, ಮಾತು ಕಿವಿಗೆ ಬೀಳುವಷ್ಟು ಹತ್ತಿರ ಇರಬೇಕಿಲ್ಲ ಎಂದೂ ಹೇಳಿತು.

ಪ್ರತಿ ಜೈಲಿನಲ್ಲೂ ವಾರಕ್ಕೆ ಎರಡು ಭೇಟಿ ಎಂದು ಇದರ ಅರ್ಥವಲ್ಲ. ವಿಚಾರಣಾಧೀನರಿಗೆ ಹೆಚ್ಚು, ಶಿಕ್ಷೆಯಾದವರಿಗೆ ಕಡಿಮೆ ಎಂಬ ವ್ಯತ್ಯಾಸ ಸಾಮಾನ್ಯವಾಗಿ ಇರುತ್ತದೆ. ಆದರೆ "ನೋಡಲು ಬಿಡುವುದಿಲ್ಲ, ಹೋಗಿ" ಎಂದರೆ "ಯಾಕೆ, ಮತ್ತೆ ಯಾವಾಗ ಬರಬೇಕು" ಎಂದು ಕೇಳುವ ಹಕ್ಕು ನಿಮಗಿದೆ.

ತಪ್ಪು ಕಲ್ಪನೆ 2: ನೋಡಲು ಹೋದರೆ ನಮ್ಮ ಮೇಲೂ ಕೇಸು

ಜೈಲಿನಲ್ಲಿರುವವರನ್ನು ನಿಯಮದಂತೆ ಭೇಟಿಯಾಗುವುದು ಅಪರಾಧವಲ್ಲ. ನಿಮ್ಮ ಹೆಸರು, ವಿಳಾಸ, ಸಂಬಂಧ, ಗುರುತಿನ ಚೀಟಿಯ ವಿವರ ದಾಖಲೆಯಲ್ಲಿ ಸೇರುವುದು ನಿಜ. ಅದು ಭೇಟಿಗಾರರ ದಾಖಲೆ, ಆರೋಪಿಗಳ ಪಟ್ಟಿಯಲ್ಲ. ಬ್ಯಾಂಕಿನಲ್ಲಿ ಸಹಿ ಮಾಡಿದ ಮಾತ್ರಕ್ಕೆ ಸಾಲಗಾರರಾಗುವುದಿಲ್ಲವಲ್ಲ, ಹಾಗೆ.

ಈ ಭಯದಲ್ಲಿ ಒಂದು ಚೂರು ನಿಜವೂ ಬೆರೆತಿರುವುದರಿಂದ ಅದನ್ನು ಬಿಡಿಸಿ ಹೇಳಬೇಕು. ಮೊಬೈಲ್, ಸಿಮ್, ಮಾದಕ ವಸ್ತುಗಳಂಥ ನಿಷೇಧಿತ ವಸ್ತು ಒಳಗೆ ಸಾಗಿಸಲು ಯತ್ನಿಸಿದರೆ ಅದು ಅಪರಾಧ. "ಇದನ್ನು ಒಳಗಿರುವ ನಮ್ಮವರಿಗೆ ಕೊಟ್ಟುಬಿಡಿ" ಎಂದು ಗೇಟಿನ ಹತ್ತಿರ ಅಪರಿಚಿತರು ಕೊಡುವ ಪೊಟ್ಟಣವನ್ನು ಮುಟ್ಟಲೇಬೇಡಿ. ಸಾಕ್ಷಿಗಳನ್ನು ಹೆದರಿಸುವ, ಹೇಳಿಕೆ ಬದಲಿಸಿಕೊಳ್ಳುವ ಮಾತು ಆಡಿದರೂ ತೊಂದರೆ. ನೀವೇ ಆ ಕೇಸಿನಲ್ಲಿ ಸಾಕ್ಷಿಯಾಗಿದ್ದರೆ ವಕೀಲರನ್ನು ಕೇಳಿಯೇ ಹೋಗಿ. ಕೇಸಿನ ಒಳವಿವರಗಳನ್ನು ವಕೀಲರ ಭೇಟಿಗೆ ಬಿಡಿ. ಮನೆಯವರ ಭೇಟಿಗೆ ಮನೆಯ ಮಾತು ಸಾಕು.

ಭೇಟಿ ಹೇಗೆ ನಡೆಯುತ್ತದೆ?

ಎರಡು ದಾರಿಗಳಿವೆ. ಒಂದು, ಭೇಟಿಯ ದಿನ ನೇರ ಹೋಗಿ ಕೌಂಟರಿನಲ್ಲಿ ಹೆಸರು ಬರೆಸುವುದು. ಇನ್ನೊಂದು, ಕೇಂದ್ರ ಸರ್ಕಾರದ ಇ-ಪ್ರಿಸನ್ಸ್ ವ್ಯವಸ್ಥೆಯ 'ಇ-ಮುಲಾಕಾತ್' ಜಾಲತಾಣದಲ್ಲಿ ಮೊದಲೇ ನೋಂದಾಯಿಸುವುದು. ಇದಕ್ಕೆ ಶುಲ್ಕವಿಲ್ಲ. ನಿಮ್ಮ ಹೆಸರು, ವಿಳಾಸ, ಮೊಬೈಲ್ ಸಂಖ್ಯೆ, ಗುರುತಿನ ಚೀಟಿಯ ವಿವರ, ಯಾವ ಜೈಲು, ಯಾರನ್ನು ನೋಡಬೇಕು ಎಂಬುದನ್ನು ತುಂಬಿದರೆ ಕೋರಿಕೆ ಜೈಲಿಗೆ ಹೋಗುತ್ತದೆ. ಅಲ್ಲಿ ಒಪ್ಪಿಗೆಯಾದ ಮೇಲೆ ಭೇಟಿ. ಮುಖಾಮುಖಿ ಭೇಟಿ, ವಿಡಿಯೋ ಭೇಟಿ ಎರಡನ್ನೂ ಈ ವ್ಯವಸ್ಥೆಯಲ್ಲಿ ಕೋರಬಹುದು. 2020ರಲ್ಲಿ ಕೊರೊನಾ ಬಂದು ಜೈಲುಗಳ ಬಾಗಿಲು ಮುಚ್ಚಿದಾಗ ವಿಡಿಯೋ ಭೇಟಿ ಹೆಚ್ಚು ಬಳಕೆಗೆ ಬಂತು. ತುಮಕೂರಿಗೆ ಹೋಗಲಾಗದ ಮುದುಕ ತಂದೆಗೆ, ದೂರದೂರಿನಲ್ಲಿ ಕೆಲಸಕ್ಕಿರುವ ತಮ್ಮನಿಗೆ ಇದು ಉಪಯೋಗ.

ಸೈಬರ್ ಸೆಂಟರಿನವರು ಫಾರಂ ತುಂಬಿದ್ದಕ್ಕೆ ತಮ್ಮ ಕೂಲಿ ಕೇಳಬಹುದು, ಅದು ಬೇರೆ. "ಭೇಟಿಯ ಸರ್ಕಾರಿ ಫೀಸು" ಎಂದು ಕೇಳಿದರೆ ಮೋಸ.

ಹೋಗುವಾಗ ನೆನಪಿಡಬೇಕಾದ್ದು:

• ಮೂಲ ಗುರುತಿನ ಚೀಟಿ ಇರಲಿ. ಆಧಾರ್ ಸಾಮಾನ್ಯವಾಗಿ ನಡೆಯುತ್ತದೆ. ಬಂದಿಯ ಪೂರ್ಣ ಹೆಸರು, ತಂದೆ ಅಥವಾ ಗಂಡನ ಹೆಸರು, ಕೇಸಿನ ಸಂಖ್ಯೆ ಬರೆದುಕೊಂಡು ಹೋಗಿ. ಒಂದೇ ಹೆಸರಿನವರು ಇಬ್ಬರಿದ್ದರೆ ಇದೇ ಕಾಪಾಡುತ್ತದೆ.

• ಬಾಗಿಲಲ್ಲಿ ತಪಾಸಣೆ ಇರುತ್ತದೆ. ಹೆಂಗಸರನ್ನು ಮಹಿಳಾ ಸಿಬ್ಬಂದಿಯೇ ತಪಾಸಣೆ ಮಾಡಬೇಕು. ಮೊಬೈಲ್ ಹೊರಗೇ ಬಿಡಬೇಕು.

• ಬಟ್ಟೆ, ಸೋಪು, ತಿನಿಸು ಒಯ್ಯುವ ಮೊದಲು ಏನೇನು ಬಿಡುತ್ತಾರೆ ಎಂದು ವಿಚಾರಿಸಿ. ವಿಚಾರಣಾಧೀನರು ತಮ್ಮ ಸ್ವಂತ ಬಟ್ಟೆ ಹಾಕಿಕೊಳ್ಳಬಹುದು. ಮನೆಯಲ್ಲಿ ಮಾಡಿದ ಕೊಬ್ಬರಿ ಮಿಠಾಯಿ ಪ್ರೀತಿಯಿಂದ ಒಯ್ದು, ಗೇಟಿನಲ್ಲಿ ವಾಪಸು ಕೊಟ್ಟಾಗ ಅತ್ತು ಬರುವುದು ಬೇಡ.

• ಔಷಧಿಯನ್ನು ನೇರ ಕೈಗೆ ಕೊಡಲು ಬಿಡುವುದಿಲ್ಲ. ವೈದ್ಯರ ಚೀಟಿ ಸಮೇತ ಜೈಲಿನ ಅಧಿಕಾರಿಗೆ ತಿಳಿಸಿ, ಜೈಲಿನ ವೈದ್ಯರ ಗಮನಕ್ಕೆ ಹೋಗುವಂತೆ ನೋಡಿಕೊಳ್ಳಿ.

• ನಗದು ಕೈಗೆ ಕೊಡುವಂತಿಲ್ಲ. ಬಂದಿಯ ಹೆಸರಿನ ಖಾತೆಗೆ ಜೈಲು ಹೇಳುವ ಮಾರ್ಗದಲ್ಲಿ, ಉದಾಹರಣೆಗೆ ಮನಿ ಆರ್ಡರಿನಲ್ಲಿ ಹಾಕಬಹುದು. ರಶೀದಿ ಇಟ್ಟುಕೊಳ್ಳಿ.

ಔಷಧಿಯ ಮಾತು ಯಾಕೆ ಬಂತೆಂದರೆ, ಒಳಗಿರುವವರ ಆರೋಗ್ಯ ಕೆಡುತ್ತಿರುವುದನ್ನು ಬೇಗ ಗುರುತಿಸುವವರು ಮನೆಯವರೇ. ಮೊದಲಿನ ಮುಖ ಹೇಗಿತ್ತೆಂದು ಅವರಿಗೆ ಗೊತ್ತು. 'ಸಂಸ್ಕಾರ' ಚಿತ್ರದಲ್ಲಿ ನಟಿಸಿದ ಸ್ನೇಹಲತಾ ರೆಡ್ಡಿ ಅವರನ್ನು ತುರ್ತು ಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ ಬಂಧಿಸಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಇಟ್ಟಿದ್ದರು. ಅವರಿಗೆ ತೀವ್ರ ಉಬ್ಬಸವಿತ್ತು. ಒಳಗಿದ್ದ ತಿಂಗಳುಗಳಲ್ಲಿ ಅದು ಉಲ್ಬಣಿಸಿತು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆ ಜೈಲಿದ್ದ ಜಾಗ ಇಂದು ಫ್ರೀಡಂ ಪಾರ್ಕ್. ಹೆಸರಾಂತ ಕಲಾವಿದೆಗೇ ಹೀಗಾಯಿತೆಂದರೆ, ಕೇಳುವವರೇ ಇಲ್ಲದ ಹೆಣ್ಣುಮಗಳ ಗತಿ ಯೋಚಿಸಿ. ಆರೋಗ್ಯದ ದೂರಿಗೆ ಉತ್ತರ ಸಿಗದಿದ್ದರೆ ಜೈಲು ಅಧೀಕ್ಷಕರಿಗೆ ಬರವಣಿಗೆಯಲ್ಲಿ ಕೊಡಿ. ಅದರ ಪ್ರತಿಯನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಕಳಿಸಿ. ವಕೀಲರ ಮೂಲಕ ನ್ಯಾಯಾಧೀಶರ ಗಮನಕ್ಕೂ ತರಬಹುದು.

ಫೋನು ಮತ್ತು ಕಾಗದ

ಜೈಲಿನೊಳಗೆ ಸ್ವಂತ ಮೊಬೈಲ್ ಇಲ್ಲ. ಆದರೆ ಅಧಿಕೃತ ದೂರವಾಣಿ ಸೌಲಭ್ಯ ಇರುವ ಕಡೆ ಬಂದಿ ಮೊದಲೇ ಕೊಟ್ಟು ಪರಿಶೀಲನೆಯಾದ ಸಂಖ್ಯೆಗಳಿಗೆ ಮಾತ್ರ ಕರೆ ಮಾಡಬಹುದು. ಹಾಗಾಗಿ ಮನೆಯವರು ಸಿಮ್ ಬದಲಿಸಿದರೆ ಆ ಕೊಂಡಿ ಕಡಿದುಹೋಗುತ್ತದೆ. ಆಫರ್ ಬಂತೆಂದು ಹೊಸ ನಂಬರು ತೆಗೆದುಕೊಂಡು, ಅಲ್ಲಿ ಮಗಳು ಹಳೇ ನಂಬರಿಗೆ ಕರೆ ಮಾಡಿ "ನಮ್ಮಮ್ಮ ಫೋನೇ ಎತ್ತುತ್ತಿಲ್ಲ" ಎಂದುಕೊಳ್ಳುವಂತಾಗಬಾರದು. ಕರೆಗಳನ್ನು ಜೈಲಿನವರು ಗಮನಿಸಬಹುದು ಎಂಬುದೂ ನೆನಪಿರಲಿ.

ವಾಟ್ಸಾಪ್ ಕಾಲದಲ್ಲಿ ನಾವು ಮರೆತ ಕಾಗದಕ್ಕೆ ಜೈಲಿನಲ್ಲಿ ಇನ್ನೂ ಬೆಲೆಯಿದೆ. ಪತ್ರವನ್ನು ಒಡೆದು ಓದಿಯೇ ಒಳಗೆ ಕೊಡುತ್ತಾರೆ. ಅದಕ್ಕೆ ಬೇಸರ ಬೇಡ, ಕೇಸಿನ ವಿಷಯ ಬರೆಯದಿದ್ದರೆ ಆಯಿತು. ಹತ್ತು ನಿಮಿಷದ ಭೇಟಿ ಮುಗಿದುಹೋಗುತ್ತದೆ, ಕಾಗದವನ್ನು ಹತ್ತು ಸಲ ಓದಬಹುದು. ಬರೆಯಲು ಬಾರದವರು ಮಗುವಿನ ಕೈಯಲ್ಲಿ ಒಂದು ಚಿತ್ರ ಬರೆಸಿ ಕಳಿಸಿದರೂ ಅದು ಪತ್ರವೇ.

ಮೊದಲೆಲ್ಲ ಇನ್ನೊಂದು ಅವಕಾಶವಿತ್ತು. ಕೇಸಿನ ದಿನ ತಿಪಟೂರಿನ ಕೋರ್ಟಿಗೆ ಕರೆತಂದಾಗ ಮನೆಯವರು ದೂರದಿಂದಲಾದರೂ ನೋಡುತ್ತಿದ್ದರು. ಮೊದಲ ಬಾರಿ ನ್ಯಾಯಾಧೀಶರ ಮುಂದೆ ಖುದ್ದಾಗಿಯೇ ಹಾಜರುಪಡಿಸಬೇಕು. ಆಮೇಲಿನ ರಿಮ್ಯಾಂಡ್‌ಗಳನ್ನು ವಿಡಿಯೋ ಮೂಲಕವೂ ಮಾಡಬಹುದು. ಇದರಿಂದ ಬೆಂಗಾವಲು ಸಿಗದೆ ದಿನ ಮುಂದೆ ಹೋಗುವುದು ತಪ್ಪುತ್ತದೆ, ಆದರೆ ಮನೆಯವರು ಕಣ್ಣಾರೆ ನೋಡುವ ಒಂದು ದಿನವೂ ತಪ್ಪುತ್ತದೆ. ಹಾಗಾಗಿ ಜೈಲಿನ ಭೇಟಿ ಈಗ ಮೊದಲಿಗಿಂತ ಹೆಚ್ಚು ಮುಖ್ಯ.

ಮಕ್ಕಳ ವಿಷಯ

"ಜೈಲಿನಲ್ಲಿ ಹುಟ್ಟಿದ ಮಗುವಿನ ಸರ್ಟಿಫಿಕೇಟಿನಲ್ಲಿ ಜೈಲು ಎಂದೇ ಬರೆಯುತ್ತಾರೆ", "ಮಗುವನ್ನು ತಾಯಿಯಿಂದ ಕಿತ್ತುಕೊಳ್ಳುತ್ತಾರೆ" ಎಂಬ ಮಾತುಗಳೂ ಹರಿದಾಡುತ್ತವೆ. ಆರ್.ಡಿ. ಉಪಾಧ್ಯಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರ ಏಪ್ರಿಲ್‌ನಲ್ಲಿ ಕೊಟ್ಟ ನಿರ್ದೇಶನಗಳು ಇದಕ್ಕೆ ಉತ್ತರ. ಆರು ವರ್ಷದವರೆಗಿನ ಮಗು ತಾಯಿಯ ಜೊತೆ ಇರಬಹುದು. ಅದನ್ನು ಬಂದಿಯಂತೆ ಕಾಣುವಂತಿಲ್ಲ. ಅದಕ್ಕೆ ಹಾಲು, ಊಟ, ಲಸಿಕೆ, ಆಟ, ಶಿಶುವಿಹಾರದ ವ್ಯವಸ್ಥೆ ಇರಬೇಕು. ಜೈಲಿನಲ್ಲಿ ಹುಟ್ಟಿದರೆ ಜನನ ದಾಖಲೆಯಲ್ಲಿ ಜೈಲು ಎಂದು ಬರೆಯುವಂತಿಲ್ಲ, ಆ ಊರಿನ ಹೆಸರು ಬರೆಯಬೇಕು. ಆರು ತುಂಬಿದ ಮೇಲೆ ಮಗು ಮನೆಯವರ ಬಳಿಗೋ ಸರ್ಕಾರದ ಆಶ್ರಯಕ್ಕೋ ಹೋಗುತ್ತದೆ. ಹಾಗೆ ಸರ್ಕಾರಿ ಆಶ್ರಯದಲ್ಲಿರುವ ಮಗುವಿಗೆ ವಾರಕ್ಕೆ ಒಮ್ಮೆಯಾದರೂ ತಾಯಿಯ ಭೇಟಿ ಮಾಡಿಸಬೇಕು.

2022ರ ಕೊನೆಗೆ ದೇಶದ ಜೈಲುಗಳಲ್ಲಿ 1,537 ತಾಯಂದಿರ ಜೊತೆ 1,764 ಮಕ್ಕಳಿದ್ದರು. ಹೊರಗೆ ಅಜ್ಜಿಯರ ಬಳಿ ಬೆಳೆಯುವ ದೊಡ್ಡ ಮಕ್ಕಳು ಈ ಲೆಕ್ಕದಲ್ಲಿ ಇಲ್ಲ. ಅವರಿಗೆ "ಅಮ್ಮ ದುಬೈಗೆ ಹೋಗಿದ್ದಾಳೆ" ಎಂದು ಹೇಳಿ ಮುಚ್ಚಿಡುವುದು ಸುಲಭದ ದಾರಿ. ಆದರೆ ಶಾಲೆಯಲ್ಲಿ ಇನ್ನೊಂದು ಮಗು ನಿಜ ಹೇಳಿದ ದಿನ ಆ ಮಗು ಅಮ್ಮನ ಜೊತೆಗೆ ಅಜ್ಜಿಯ ಮೇಲಿನ ನಂಬಿಕೆಯನ್ನೂ ಕಳೆದುಕೊಳ್ಳುತ್ತದೆ. ವಯಸ್ಸಿಗೆ ತಕ್ಕಷ್ಟು ಸತ್ಯ ಹೇಳಿ, ಭೇಟಿಗೆ ಕರೆದುಕೊಂಡು ಹೋಗುವ ಮೊದಲು ಅಲ್ಲಿ ಏನು ಕಾಣುತ್ತದೆ ಎಂದು ತಿಳಿಸಿ. ಮಗುವಿನ ಪಾಲನೆಗೆ ಯಾರೂ ಇಲ್ಲದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಬಂಧನದ ಸುದ್ದಿಯ ಜೊತೆ ಮಕ್ಕಳ ಫೋಟೋ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ.

ತಪ್ಪು ಕಲ್ಪನೆ 3: ದುಡ್ಡು ಹಾಕಿದರೆ ಈಗಲೇ ಬಿಡುತ್ತಾರೆ

ಪೊಲೀಸ್ ವೇಷದಲ್ಲಿ ವಿಡಿಯೋ ಕರೆ ಮಾಡಿ, "ನಿಮ್ಮ ಮಗಳು ಕೇಸಿನಲ್ಲಿ ಸಿಕ್ಕಿಬಿದ್ದಿದ್ದಾಳೆ" ಎಂದು ಅಳುವ ಧ್ವನಿ ಕೇಳಿಸಿ ಹಣ ಕೇಳುವುದು ಈಗಿನ ದಂಧೆ. 'ಡಿಜಿಟಲ್ ಅರೆಸ್ಟ್' ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಬಂಧಿಸಿದರೆ 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕು. ಮನೆಯವರಿಗೆ ತಿಳಿಸಬೇಕು. ಸೂರ್ಯಾಸ್ತದ ನಂತರ, ಸೂರ್ಯೋದಯದ ಮೊದಲು ಮಹಿಳೆಯನ್ನು ಬಂಧಿಸುವಂತಿಲ್ಲ. ವಿಶೇಷ ಸಂದರ್ಭದಲ್ಲಿ ಮಾತ್ರ, ಮಹಿಳಾ ಪೊಲೀಸ್ ಅಧಿಕಾರಿ ಮ್ಯಾಜಿಸ್ಟ್ರೇಟರ ಮುಂಚಿನ ಒಪ್ಪಿಗೆ ಪಡೆದು ಬಂಧಿಸಬಹುದು. ಜಾಮೀನು ಕೊಡುವುದು ನ್ಯಾಯಾಲಯ. ಯುಪಿಐ ನಂಬರಿಗೆ ಹಣ ಹಾಕಿಸಿಕೊಂಡು ಜೈಲಿನ ಬಾಗಿಲು ತೆಗೆಯುವ ವ್ಯವಸ್ಥೆ ಎಲ್ಲೂ ಇಲ್ಲ. ಇಂಥ ಕರೆ ಬಂದರೆ ಇಟ್ಟುಬಿಡಿ, ಮಗಳಿಗೆ ನೀವೇ ಫೋನ್ ಮಾಡಿ, ಠಾಣೆಯಲ್ಲಿ ವಿಚಾರಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕೇಸು ನಿಜವೇ ಆಗಿದ್ದರೆ ಅದರ ಸ್ಥಿತಿಯನ್ನು ಮಧ್ಯವರ್ತಿಯಿಂದ ಕೇಳಬೇಕಿಲ್ಲ. ಇ-ಕೋರ್ಟ್ಸ್ ಆ್ಯಪಿನಲ್ಲಿ ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಒಂದು ಗುರುತು ಸಂಖ್ಯೆ ಇರುತ್ತದೆ. ಅದನ್ನು ಹಾಕಿದರೆ ಮುಂದಿನ ದಿನಾಂಕ, ಆದೇಶ ಉಚಿತವಾಗಿ ಕಾಣುತ್ತದೆ.

ತಪ್ಪು ಕಲ್ಪನೆ 4: ಹೆಂಗಸರಿಗೆ ಜಾಮೀನು ತಾನಾಗಿ ಸಿಗುತ್ತದೆ

ಗಂಭೀರ ಕೇಸುಗಳಲ್ಲೂ ಮಹಿಳೆಗೆ ಜಾಮೀನು "ಕೊಡಬಹುದು" ಎಂದು ಕಾನೂನು ಹೇಳುತ್ತದೆ. "ಕೊಡಲೇಬೇಕು" ಎಂದಿಲ್ಲ. ಯಾರಾದರೂ ಕೇಳಬೇಕು, ವಾದಿಸಬೇಕು. ಅದಕ್ಕೆ ಹಣವಿಲ್ಲ ಎಂದು ಸುಮ್ಮನಿರಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರಿಗೂ ಬಂಧನದಲ್ಲಿರುವವರಿಗೂ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಸಿಗಬೇಕು. ತಾಲೂಕಿನ ನ್ಯಾಯಾಲಯದ ಆವರಣದಲ್ಲೇ ಇರುವ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ಸಹಾಯವಾಣಿ 15100.

ಜಾಮೀನು ಸಿಕ್ಕಿಯೂ ಶ್ಯೂರಿಟಿ ಸಿಗದೆ ಒಳಗೇ ಉಳಿಯುವವರು ಬಹಳ. ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸದವನಿಗೆ ಮ್ಯಾಜಿಸ್ಟ್ರೇಟರು 10,000 ರೂಪಾಯಿ ಶ್ಯೂರಿಟಿ ಕೇಳಿ, ಅಣ್ಣನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅವನ ಶ್ಯೂರಿಟಿ ಒಪ್ಪದಿದ್ದಾಗ, 1978ರಲ್ಲಿ ಸುಪ್ರೀಂ ಕೋರ್ಟ್ ಆ ಕ್ರಮವನ್ನು ಟೀಕಿಸಿ 1,000 ರೂಪಾಯಿಯ ಸ್ವಂತ ಮುಚ್ಚಳಿಕೆ ಮೇಲೆ ಬಿಡಿಸಿತು. 2023ರ ಜನವರಿ 31ರಂದು ಅದೇ ನ್ಯಾಯಾಲಯ ಇನ್ನೂ ಖಚಿತವಾದ ಸೂಚನೆಗಳನ್ನು ಕೊಟ್ಟಿದೆ. ಜಾಮೀನಾಗಿ ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು. ಬಡ ಬಂದಿಗಳ ನೆರವಿಗೆ ಕೇಂದ್ರ 2023ರಲ್ಲಿ ತಂದ ಯೋಜನೆಯಲ್ಲಿ ಅರ್ಹ ವಿಚಾರಣಾಧೀನರಿಗೆ ಜಾಮೀನಿಗಾಗಿ 40,000 ರೂಪಾಯಿವರೆಗೆ, ದಂಡ ಕಟ್ಟಲಾಗದ ಶಿಕ್ಷಾಬಂದಿಗಳಿಗೆ 25,000 ರೂಪಾಯಿವರೆಗೆ ನೆರವು ಎಂದು ಆಗ ನಿಗದಿಯಾಗಿತ್ತು. ಕೆಲವು ಗಂಭೀರ ಕಾಯ್ದೆಗಳ ಕೇಸುಗಳಿಗೆ ಇದು ಅನ್ವಯಿಸುವುದಿಲ್ಲ.

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಕೂಡ ಗೊತ್ತಿರಲಿ. ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆಯಾಗಿರದವರು ಆರೋಪಿತ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ, ಉಳಿದವರು ಅರ್ಧ ಭಾಗ ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹರು. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ, ಒಂದಕ್ಕಿಂತ ಹೆಚ್ಚು ಕೇಸು ಇರುವವರಿಗೆ ಇದು ಸಿಗುವುದಿಲ್ಲ. ಅವಧಿ ಮುಗಿದಾಗ ನ್ಯಾಯಾಲಯಕ್ಕೆ ಅರ್ಜಿ ಹಾಕುವ ಹೊಣೆ ಜೈಲು ಅಧೀಕ್ಷಕರದ್ದು. ಆದರೂ ದಿನ ಎಣಿಸುವ ಕೆಲಸವನ್ನು ಮನೆಯವರೂ ಮಾಡಬೇಕು. ನೋಡಲು ಹೋಗುವವರಿಗೆ ಮಾತ್ರ ಆ ಲೆಕ್ಕ ನೆನಪಿರುತ್ತದೆ.

ತಪ್ಪು ಕಲ್ಪನೆ 5: ಹಗಲು-ರಾತ್ರಿ ಸೇರಿ ಎರಡು ದಿನ

ಇದು ಹಳೆಯ ಕಾಲದಿಂದ ಬಂದ ಸುಳ್ಳು. ಜೈಲಿನಲ್ಲೂ 24 ಗಂಟೆಗೆ ಒಂದೇ ದಿನ. ಜೀವಾವಧಿ ಎಂದರೆ ಏಳು ವರ್ಷವೂ ಅಲ್ಲ, ತಾನಾಗಿ ಮುಗಿಯುವ 14 ವರ್ಷವೂ ಅಲ್ಲ. ಸರ್ಕಾರ ಶಿಕ್ಷೆ ಕಡಿಮೆ ಮಾಡದಿದ್ದರೆ ಅದು ಜೀವ ಇರುವವರೆಗೆ ಎಂದು ಗೋಪಾಲ ಗೋಡ್ಸೆ ಪ್ರಕರಣದಲ್ಲಿ 1961ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. 14 ವರ್ಷದ ಮಾತು ಬಂದದ್ದು ಬೇರೆ ಕಡೆಯಿಂದ. ಕೆಲವು ಘೋರ ಅಪರಾಧಗಳ ಜೀವಾವಧಿ ಬಂದಿಗಳನ್ನು 14 ವರ್ಷಕ್ಕೆ ಮೊದಲು ಬಿಡುವಂತಿಲ್ಲ ಎಂದು ಕಾನೂನಿನಲ್ಲಿದೆ. "14ಕ್ಕೆ ಮೊದಲು ಬಿಡುವಂತಿಲ್ಲ" ಎಂಬುದು ಬಾಯಿಂದ ಬಾಯಿಗೆ ಹೋಗಿ "14ಕ್ಕೆ ಬಿಡುತ್ತಾರೆ" ಎಂದಾಯಿತು. ಈ ಸುಳ್ಳಿನಿಂದ ಆಗುವ ನಷ್ಟವೆಂದರೆ, ಮನೆಯವರು ಸುಮ್ಮನೆ ದಿನ ಎಣಿಸುತ್ತಾ ಕೂರುತ್ತಾರೆ, ಮೇಲ್ಮನವಿಯ ಗಡುವು ದಾಟಿಹೋಗುತ್ತದೆ.

ಒಂದು ಭೇಟಿಯಿಂದ ಏನಾಗುತ್ತದೆ?

ಅಮೆರಿಕದ ಮಿನ್ನೆಸೋಟ ರಾಜ್ಯದ ಕಾರಾಗೃಹ ಇಲಾಖೆ 2003ರಿಂದ 2007ರ ನಡುವೆ ಬಿಡುಗಡೆಯಾದ 16,420 ಮಂದಿಯನ್ನು ಅಧ್ಯಯನ ಮಾಡಿ 2011ರಲ್ಲಿ ವರದಿ ಪ್ರಕಟಿಸಿತು. ಒಳಗಿದ್ದಾಗ ಭೇಟಿ ಪಡೆದವರು ಮತ್ತೆ ಗಂಭೀರ ಅಪರಾಧದಲ್ಲಿ ಶಿಕ್ಷೆಗೆ ಒಳಗಾಗುವ ಸಾಧ್ಯತೆ ಶೇ. 13ರಷ್ಟು ಕಡಿಮೆಯಿತ್ತು. ಅಲ್ಲಿನ ಲೆಕ್ಕ ಇಲ್ಲಿಗೆ ಹಾಗೇ ಹೊಂದುವುದಿಲ್ಲ, ಭೇಟಿ ಪಡೆದವರಿಗೆ ಮೊದಲೇ ಮನೆಯ ಆಸರೆ ಚೆನ್ನಾಗಿದ್ದಿರಲೂಬಹುದು. ಆದರೆ ಹೊರಗೆ ಬಂದಾಗ ಹೋಗಲು ಒಂದು ಮನೆ ಇರುವುದು ದೊಡ್ಡ ವಿಷಯ ಎಂದು ಒಪ್ಪಲು ಅಮೆರಿಕದ ಅಧ್ಯಯನವೇ ಬೇಕಿಲ್ಲ.

ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2018ರಲ್ಲಿ ಮಹಿಳಾ ಬಂದಿಗಳ ಬಗ್ಗೆ ತಂದ ವರದಿ ಕೂಡ ಇದೇ ಗಾಯವನ್ನು ಮುಟ್ಟುತ್ತದೆ. ಜೈಲು ಕಂಡ ಹೆಣ್ಣನ್ನು ಮನೆಯವರು ಕೈಬಿಡುವುದು, ಬಿಡುಗಡೆಯ ನಂತರವೂ ಕಳಂಕ ಉಳಿಯುವುದು ಗಂಡಸರಿಗಿಂತ ಹೆಚ್ಚು. ಗಂಡ ಒಳಗಿದ್ದರೆ ಹೆಂಡತಿ ಬುತ್ತಿ ಕಟ್ಟಿಕೊಂಡು ಹೋಗುವುದು ಕರ್ತವ್ಯ ಎನ್ನುವ ನಾವು, ಹೆಂಡತಿ ಒಳಗಿದ್ದಾಗ ಗಂಡ ಹೋಗದಿದ್ದರೆ "ಅವನು ತಾನೇ ಏನು ಮಾಡಿಯಾನು" ಎನ್ನುತ್ತೇವೆ. ಈ ವ್ಯತ್ಯಾಸ ಯಾವ ಕಾಯ್ದೆಯಲ್ಲೂ ಬರೆದಿಲ್ಲ, ನಮ್ಮ ಜಗಲಿಗಳಲ್ಲಿ ಇದೆ.

ನೋಡಲು ಹೋಗುವುದೆಂದರೆ ಆಕೆ ಮಾಡಿದ್ದೆಲ್ಲ ಸರಿ ಎಂದು ಒಪ್ಪಿದಂತಲ್ಲ. ತಪ್ಪು ಮಾಡಿದ್ದರೆ ಶಿಕ್ಷೆ ಕೊಡಲು ನ್ಯಾಯಾಲಯವಿದೆ. ಕಾನೂನು ಆಕೆಯ ಓಡಾಟವನ್ನು ಮಾತ್ರ ಕಸಿದುಕೊಳ್ಳುತ್ತದೆ, ಸಂಬಂಧವನ್ನಲ್ಲ. ಸಂಬಂಧ ಕಡಿಯುವ ಶಿಕ್ಷೆಯನ್ನು ಕೊಡುತ್ತಿರುವವರು ನಾವು, ಅದೂ ಹಲವು ಸಲ ಒಂದು ಸುಳ್ಳು ಫಾರ್ವರ್ಡ್ ನಂಬಿ.

ಫಾರ್ವರ್ಡ್ ಮಾಡಲೇಬೇಕೆಂದಿದ್ದರೆ ಇಷ್ಟನ್ನು ಮಾಡಿ: ಜೈಲಿನ ಭೇಟಿ ಹಕ್ಕು, ಅಪರಾಧವಲ್ಲ. ಇ-ಮುಲಾಕಾತ್ ನೋಂದಣಿ ಉಚಿತ. ಮಹಿಳೆಗೆ ವಕೀಲರ ನೆರವು ಉಚಿತ, 15100. ಮಕ್ಕಳಿಗಾಗಿ 1098. ಜೈಲಿನ ಹೆಸರಿನಲ್ಲಿ ಹಣ ಕೇಳಿದರೆ 1930. ನಿಮ್ಮ ಗುಂಪಿನಲ್ಲಿ ಇದನ್ನು ಯಾರಿಗೂ ಹೇಳದೆ ಓದಿಕೊಳ್ಳುವ ಒಬ್ಬರಾದರೂ ಇರಬಹುದು.